ಗೊಲ್ಯಾತ ಎಷ್ಟು ಮೊಳ?

ಮನೆಯಲ್ಲಿ ಮೂರು ಮಕ್ಕಳಿದ್ದರೆ ರಾತ್ರಿ ಪ್ರಾರ್ಥನೆ ಹೊತ್ತಿಗೆ ಏನಾಗುತ್ತದೆ ಅನ್ನೋದು ನಿಮಗೇನು ಹೊಸದಲ್ಲ. ಐದು ವರ್ಷದ್ದು ತೊಡೆ ಮೇಲೆ ಹೊರಳಾಡುತ್ತದೆ. ಒಂಬತ್ತರದ್ದು ‘ಮುಂದೇನಾಯ್ತು, ಮುಂದೇನಾಯ್ತು’ ಅಂತ ಜೀವ ತಿನ್ನುತ್ತದೆ. ಹದಿನಾಲ್ಕರದ್ದು ‘ಇದೆಲ್ಲಾ ಸಂಡೇ ಸ್ಕೂಲಿನಾಗೇ ಆಗೇದ’ ಅಂತ ಗೋಡೆ ಕಡೆ ಮುಖ ಮಾಡಿ ಕೂಡುತ್ತದೆ. ಬೀದರಿನ ಮಂಗಲಪೇಟೆಯಲ್ಲೂ ಇದೇ, ಭಾಲ್ಕಿಯಲ್ಲೂ ಇದೇ, ಔರಾದ ಕಡೆಯ ಹಳ್ಳಿಯಲ್ಲೂ ಇದೇ. ಸತ್ಯವೇದ ತೆರೆದು ಕೂತ ಅವ್ವ ಯಾರ ಮುಖ ನೋಡಬೇಕು, ಹೇಳ್ರಿ?

ಸಣ್ಣದಕ್ಕೆ ಚಿತ್ರದ ಪುಸ್ತಕ, ನಡುವಿನದಕ್ಕೆ ಪ್ರಶ್ನೋತ್ತರ, ದೊಡ್ಡದಕ್ಕೆ ಪೌಲನ ಪತ್ರಿಕೆಗಳು ಅಂತ ಬೇರೆ ಬೇರೆ ಕೂಡಿಸಿ ಕಲಿಸುವವರಿದ್ದಾರೆ. ಚರ್ಚಿನಲ್ಲಿ ಅದು ಸರಿ. ಅಲ್ಲಿ ಹುಡುಗರೂ ಹೆಚ್ಚು, ಟೀಚರುಗಳೂ ಇರುತ್ತಾರೆ. ಮನೆಯಲ್ಲಿ ಯಾಕೆ? ಒಲೆ ಮೇಲೆ ಬೇಯುವುದು ಒಂದೇ ಬೇಳೆ. ಸಣ್ಣದಕ್ಕೆ ತಿಳಿ ಬಸಿದು ಕೊಡುತ್ತೇವೆ, ದೊಡ್ಡದಕ್ಕೆ ಖಾರ ಹಾಕಿ ಬಡಿಸುತ್ತೇವೆ. ಕಥೆಯೂ ಒಂದೇ ಇರಲಿ ಅನ್ನುವುದು ನನ್ನ ಮಾತು.

ಗೊಲ್ಯಾತನನ್ನೇ ತಗೊಳ್ಳಿ. ಒಂದನೇ ಸಮುವೇಲನ ಹದಿನೇಳನೇ ಅಧ್ಯಾಯದಲ್ಲಿ ಅವನ ಎತ್ತರ ಆರು ಮೊಳ, ಒಂದು ಗೇಣು. ಮೀಟರಿನ ಲೆಕ್ಕ ಬೇಕೇ ಇಲ್ಲ, ಅಳತೆಪಟ್ಟಿ ಮೈಯಲ್ಲೇ ಇದೆ. ಸಣ್ಣದನ್ನು ಎಬ್ಬಿಸಿ ನಿನ್ನ ಕೈಯಿಂದಲೇ ನೆಲದ ಮೇಲೆ ಅಳೆ ಅನ್ನಿ. ಮೊಣಕೈಯಿಂದ ನಡುಬೆರಳಿನ ತುದಿವರೆಗೆ ಮೊಳ, ಆರು ಸಲ ಹಾಕಿ ಮೇಲೊಂದು ಗೇಣು. ಅದರ ಗೊಲ್ಯಾತ ಹೆಚ್ಚು ಕಡಿಮೆ ಅಪ್ಪನಷ್ಟು ಬರುತ್ತಾನೆ. ಆಮೇಲೆ ಅಪ್ಪ ಅಳೆದರೆ ಆ ಗೊಲ್ಯಾತ ಬಾಗಿಲು ದಾಟಿ ಅಂಗಳಕ್ಕೆ ಹೋಗುತ್ತಾನೆ. ಇಲ್ಲಿ ನಡುವಿನದು ಒಂದು ತಮಾಷೆ ಕಂಡುಹಿಡಿಯುತ್ತದೆ, ನೋಡ್ತಿರಿ. ಯಾವ ಮನುಷ್ಯನೂ ಅವನ ಕೈಯಿಂದ ಸುಮಾರು ನಾಲ್ಕು ಮೊಳ. ಹಾಗಾಗಿ ಯಾರು ಅಳೆದರೂ ಗೊಲ್ಯಾತ ಅಳೆದವರ ಒಂದೂವರೆ ಪಟ್ಟಿಗಿಂತ ಜಾಸ್ತಿಯೇ! ದೊಡ್ಡದಕ್ಕೆ ಆಗ ಬೇರೆ ಪ್ರಶ್ನೆ ಇಡಬಹುದು: ಸೌಲನು ಕೊಟ್ಟ ಕವಚವನ್ನು ದಾವೀದ ಯಾಕೆ ಬಿಚ್ಚಿಟ್ಟ? ಗೋಡೆ ನೋಡುತ್ತಿದ್ದ ಮುಖ ಆಗ ಈ ಕಡೆ ತಿರುಗುತ್ತದೆ. ಆ ವಯಸ್ಸಿಗೆ ಬೇರೆಯವರ ಅಂಗಿ ತೊಡುವ ಕಷ್ಟ ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ?

ಬಿತ್ತುವವನ ಸಾಮ್ಯವಂತೂ ನಮ್ಮ ಜಿಲ್ಲೆಗೇ ಹೇಳಿದ ಹಾಗಿದೆ. ಆದರೆ ರೈತರ ಮನೆಯ ಮಗು ಕೇಳುವ ಮೊದಲ ಪ್ರಶ್ನೆ ಯಾವುದು ಗೊತ್ತೇನು? ‘ಬೀಜ ದಾರಿ ಮ್ಯಾಲ ಯಾಕ ಬಿತ್ತು? ಕೂರಿಗಿ ಇರಲಿಲ್ಲೇನು?’ ಎಂಥ ಪ್ರಶ್ನೆ! ಕೂರಿಗೆಯಲ್ಲಿ ಕಾಳು ಸಾಲಿಗೇ ಇಳಿಯುತ್ತದೆ, ದಾರಿಗೆ ಹೋಗುವ ಮಾತೇ ಇಲ್ಲ. ಯೇಸು ಹೇಳಿದ ರೈತ ಮುಷ್ಟಿಯಲ್ಲಿ ಕಾಳು ಹಿಡಿದು ಎರಚುತ್ತಾ ನಡೆಯುವವನು, ಅವನ ಕಾಳು ಎಲ್ಲ ಕಡೆ ಬೀಳುತ್ತದೆ. ಬೀದರ ಊರ ಹೊರಗೆ ನಿಂತರೆ ಕಲ್ಲುನೆಲ ಕಾಲಡಿಯಲ್ಲೇ ಇದೆ. ಮೇಲೆ ತೆಳು ಕೆಂಪು ಮಣ್ಣು, ಕೆಳಗೆ ಜಂಬಿಟ್ಟಿಗೆ. ಕೋಟೆಯ ಮೂರು ಸುತ್ತಿನ ಕಂದಕ ಕೊರೆದದ್ದೂ ಇದೇ ಕಲ್ಲಿನಲ್ಲಿ. ಮಿರಗದ ಮಳೆಗೆ ಚಿಗುರಿ ಮುಂದಿನ ಬಿಸಿಲಿಗೆ ಬಾಡುವ ಸಸಿಯನ್ನು ಮಗುವಿಗೆ ಕೈ ಹಿಡಿದು ತೋರಿಸಬಹುದು. ಭಾಲ್ಕಿ, ಔರಾದ ಕಡೆ ಇಳಿದರೆ ಎರೆಭೂಮಿ. ಅಲ್ಲಿ ತೊಗರಿ, ಜೋಳ ಎದೆಮಟ್ಟ ನಿಂತಿರುತ್ತವೆ. ಒಂದೇ ಬಸ್ ಪ್ರಯಾಣದಲ್ಲಿ ಮತ್ತಾಯನ ಹದಿಮೂರನೇ ಅಧ್ಯಾಯ ಅರ್ಧ ಮುಗಿಯಿತು.

ಜೋಳ ಅಂದೆನಲ್ಲ, ನಮ್ಮ ಆಯಿ ನೆನಪಾದಳು. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತವರ ಜೊತೆಯವರು 1831ಕ್ಕೇ ಇಡೀ ಸತ್ಯವೇದವನ್ನು ಕನ್ನಡದಲ್ಲಿ ಅಚ್ಚು ಹಾಕಿ ಮುಗಿಸಿದ್ದರು ಅನ್ನಿ, ಆದರೆ ನಮ್ಮ ಕಡೆ ನಿಜಾಮರ ರಾಜ್ಯ, ದೊಡ್ಡ ಶಾಲೆಯ ಓದೆಲ್ಲ ಉರ್ದುವಿನಲ್ಲಿ. ಕೇರಿಯ ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಮೆಥಡಿಸ್ಟ್ ಮಿಷನ್ನಿನ ಬೈಬಲ್ ವುಮನ್‌ಗಳು ಮನೆಮನೆಗೆ ಬಂದು ಹೇಳಿಹೋದದ್ದು, ರಾತ್ರಿ ಭಜನೆಯಲ್ಲಿ ತಾಳ ಹಾಕಿ ಹಾಡಿದ್ದು, ಅಷ್ಟೇ ಆಕೆಯ ಓದು. ಆದರೆ ರೂತಳ ಕಥೆ ಆಕೆಯ ಬಾಯಲ್ಲಿ ಕೇಳಬೇಕಿತ್ತು! ಹಕ್ಕಲು ಆಯುವುದು ಆಕೆ ಮಾಡಿದ ಕೆಲಸವೇ. ಕೊಯ್ಲಾದ ಹೊಲದಲ್ಲಿ ಬಿದ್ದ ತೆನೆ ಹೆಕ್ಕಿ ಉಡಿಯಲ್ಲಿ ತುಂಬಿಕೊಳ್ಳುವಾಗ ಹೊಲದ ಒಡೆಯ ಯಾವ ದನಿಯಲ್ಲಿ ಮಾತಾಡುತ್ತಾನೆ ಅನ್ನುವುದು ಆಕೆಗೆ ಗೊತ್ತಿತ್ತು. ಹೊಲದ ಅಂಚಿನ ತೆನೆಯನ್ನು ಪೂರಾ ಕೊಯ್ಯಬೇಡಿ, ಬಡವರಿಗೆ ಬಿಡಿ ಅಂತ ಯಾಜಕಕಾಂಡದಲ್ಲಿರುವ ಕಟ್ಟಳೆ ಬಂದಾಗ ಆಕೆ ತುಸು ಹೊತ್ತು ಸುಮ್ಮನಿರುತ್ತಿದ್ದಳು. ಬೋವಜ ಒಳ್ಳೆಯವನು ಅಂತ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಯೇ ಬರಲಿಲ್ಲ. ಈಗ ಸೋಯಾ ರಾಶಿಗೆ ಮಶೀನು ಬಂದಿದೆ, ಹಕ್ಕಲು ನೋಡಿದ ಮಕ್ಕಳೇ ಕಡಿಮೆ. ಅದಕ್ಕೇ ಹೇಳಿ ತೋರಿಸಬೇಕು.

ಔರಾದ ಕಡೆ ಎಷ್ಟೋ ಮನೆಗಳಲ್ಲಿ ಮಾತು ಮರಾಠಿಯದು. ಅಲ್ಲಿಯವರು ಪಂಡಿತಾ ರಮಾಬಾಯಿಯವರ ಹೆಸರು ಕೇಳಿರುತ್ತಾರೆ, ಆದರೆ ಆಕೆ 1858ರಲ್ಲಿ ಹುಟ್ಟಿದ್ದು ನಮ್ಮ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಅನ್ನೋದು ಎಷ್ಟು ಜನರಿಗೆ ನೆನಪಿದೆಯೋ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಜನರ ವಿರೋಧ ಕಟ್ಟಿಕೊಂಡು ಹೆಂಡತಿಗೆ ಸಂಸ್ಕೃತ ಕಲಿಸಿದರು. ಆ ತಾಯಿ ಬೆಳಗಿನ ಜಾವದಲ್ಲಿ ಮಗಳನ್ನು ಎಬ್ಬಿಸಿ, ಮನೆಗೆಲಸ ಶುರುವಾಗುವ ಮೊದಲು ಬಾಯಿಪಾಠ ಮಾಡಿಸಿದಳು. ಅದೇ ಮಗಳು ಮುಂದೆ ಕ್ರೈಸ್ತಳಾಗಿ, ಹೀಬ್ರು, ಗ್ರೀಕ್ ಕಲಿತು, ಇಡೀ ಬೈಬಲನ್ನು ಹಳ್ಳಿಯ ಹೆಂಗಸರಿಗೆ ತಿಳಿಯುವ ಮರಾಠಿಗೆ ತಂದಳು. 1922ರಲ್ಲಿ ತೀರಿಕೊಂಡಳು, ಪೂರ್ತಿ ಪುಸ್ತಕ ಹೊರಬಂದದ್ದು 1924ರಲ್ಲಿ. ಮನೆಯಲ್ಲಿ ತಾಯಿ ಕಲಿಸಿದ್ದು ಎಲ್ಲಿಯವರೆಗೆ ಹೋಗುತ್ತದೆ ನೋಡಿ.

ಬಾಯಿಪಾಠಕ್ಕೆ ಈಗ ಮೂಗು ಮುರಿಯುವವರಿದ್ದಾರೆ. ನಾನು ಅವರ ಕಡೆಯವಳಲ್ಲ. 119ನೇ ಕೀರ್ತನೆಯನ್ನು ಕಟ್ಟಿರುವುದೇ ಹೀಬ್ರು ವರ್ಣಮಾಲೆಯ ಮೇಲೆ: ಇಪ್ಪತ್ತೆರಡು ಅಕ್ಷರ, ಅಕ್ಷರಕ್ಕೆ ಎಂಟು ವಚನ, ಒಟ್ಟು 176. ನೆನಪಿನಲ್ಲಿ ನಿಲ್ಲಲಿ ಅಂತಲೇ ತಾನೇ? ಒಂಬತ್ತು ವರ್ಷದ್ದಕ್ಕೆ ಇನ್ನೊಂದು ಲೆಕ್ಕ ಕೊಟ್ಟರೆ ವಾರವೆಲ್ಲ ಓಣಿಯಲ್ಲಿ ಹೇಳಿಕೊಂಡು ತಿರುಗುತ್ತದೆ: ಹಳೆ ಒಡಂಬಡಿಕೆಯ ಪುಸ್ತಕಗಳು 39, ಆ ಮೂರನ್ನೂ ಒಂಬತ್ತನ್ನೂ ಗುಣಿಸಿದರೆ 27, ಅದೇ ಹೊಸ ಒಡಂಬಡಿಕೆ. ಬೇಸಿಗೆಯ ವಿಬಿಎಸ್‌ನಲ್ಲಿ ಪ್ರೈಜಿಗಾಗಿ ಕಲಿತ ವಚನವೂ ಒಳಗೆ ಉಳಿಯುತ್ತದೆ. ಅರ್ಥ ಆಮೇಲೆ ಬರಲಿ, ಏನಂತೀರಿ?

ದೊಡ್ಡ ಮಕ್ಕಳ ಮಾತಿಗೆ ಬಂದರೆ ಯೋನನ ಪುಸ್ತಕಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ನಾಲ್ಕೇ ಅಧ್ಯಾಯ. ಮೀನು ನುಂಗುವುದು ಸಣ್ಣದಕ್ಕೆ; ಮೂರು ದಿನ ಉಸಿರು ಹೇಗೆ ಆಡಿದ ಅನ್ನುವುದು ನಡುವಿನದಕ್ಕೆ. ನಾವು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಆದರೆ ನಾಲ್ಕನೇ ಅಧ್ಯಾಯದಲ್ಲಿ ಪ್ರವಾದಿ ಊರು ಉಳಿದದ್ದಕ್ಕೇ ಮುನಿಸಿಕೊಂಡು ಹೊರಗೆ ಹೋಗಿ ಕೂಡುತ್ತಾನೆ, ನೆರಳಿನ ಗಿಡ ಒಣಗಿದ್ದಕ್ಕೆ ಸಾವು ಬೇಡುತ್ತಾನೆ. ಹದಿನಾಲ್ಕರವರಿಗೆ ಆ ಮುನಿಸು ಪರಿಚಯದ್ದೇ. ಪುಸ್ತಕ ಮುಗಿಯುವುದೂ ದೇವರ ಪ್ರಶ್ನೆಯಿಂದ: ಎಡಬಲ ತಿಳಿಯದ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಆ ಊರಲ್ಲಿದ್ದಾರೆ, ಜೊತೆಗೆ ದನಕರುಗಳೂ, ಕರುಣೆ ಬೇಡವೇ ಅಂತ. ಅಷ್ಟು ಹೊತ್ತು ನಿದ್ದೆಗಣ್ಣಲ್ಲಿದ್ದ ಸಣ್ಣದು ದನಕರು ಅಂದ ಕೂಡಲೇ ಎದ್ದು ಕೂತು, ಆ ಕರು ಎಂಥಾದ್ದು ಅಂತ ಕೇಳುತ್ತದೆ.

ಪ್ರಶ್ನೆಗೆ ಹೆದರಿ ಬಾಯಿ ಮುಚ್ಚಿಸಬಾರದು ನೋಡಿ. ಯೇಸುವಿನ ಬಾಲ್ಯದ್ದು ಅಂತ ಲೂಕನು ಬರೆದಿಟ್ಟದ್ದು ಒಂದೇ ಪ್ರಸಂಗ, ಹನ್ನೆರಡು ವರ್ಷದವನಾಗಿದ್ದಾಗಿನದು. ಅಲ್ಲಿ ಆತ ದೇವಾಲಯದಲ್ಲಿ ಬೋಧಕರ ನಡುವೆ ಕೂತು ಅವರ ಮಾತು ಕೇಳುತ್ತಾ ಪ್ರಶ್ನೆ ಹಾಕುತ್ತಿದ್ದಾನೆ. ಹುಡುಕಿ ಹುಡುಕಿ ಮೂರನೇ ದಿನಕ್ಕೆ ಕಂಡ ಅವ್ವನಿಗೆ ಕೊಟ್ಟ ಉತ್ತರವೂ ಅವಳಿಗೆ ಅರ್ಥವಾಗಲಿಲ್ಲ. ನಮ್ಮ ಮನೆಗಳಲ್ಲಿ ನಡೆಯುವುದೂ ಅದೇ ಅಲ್ವಾ?

ತಿಮೊಥೆಯನ ನಂಬಿಕೆ ಎಲ್ಲಿಂದ ಬಂತು ಅನ್ನುವಾಗ ಪೌಲ ಹೆಸರು ಹಿಡಿದು ಹೇಳುವುದು ಇಬ್ಬರನ್ನೇ, ಅಜ್ಜಿ ಲೋವಿ ಮತ್ತು ತಾಯಿ ಯೂನಿಕೆ. ಬೇಸಿಗೆ ರಜೆಗೆ ಮಕ್ಕಳನ್ನು ಭಾಲ್ಕಿ ಕಡೆಗೋ ಔರಾದ ಕಡೆಗೋ ಕರಕೊಂಡು ಹೋದಾಗ ಮೊಬೈಲು ತೆಗೆದಿಟ್ಟು ಮೂವರನ್ನೂ ಆಯಿ ಮುಂದೆ ಕೂಡಿಸ್ರಿ. ಆಕೆ ಹೇಳಿದ ಕಥೆಯನ್ನು ಮರುದಿನ ದೊಡ್ಡದು ಸಣ್ಣದಕ್ಕೆ ಹೇಳಲಿ. ತಪ್ಪಿದರೆ ನಡುವಿನದು ತಿದ್ದುತ್ತದೆ, ನೀವು ನಡುವೆ ಬಾಯಿ ಹಾಕಬೇಡಿ.