ಶ್ರೀ ಅಧಿಸೂಚನೆಯವರ ಸನ್ನಿಧಾನಕ್ಕೆ

ಗೆ,
ಶ್ರೀ ಅಧಿಸೂಚನೆಯವರು,
ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ, ನವದೆಹಲಿ.

ವಿಷಯ: ತಾವು ಯಾವಾಗ ಹೊರಬೀಳುತ್ತೀರಿ ಎಂಬುದನ್ನು ಮುಂಚಿತವಾಗಿ ತಿಳಿಸುವ ಬಗ್ಗೆ.
ಉಲ್ಲೇಖ: ಈರುಳ್ಳಿ, ಗೋಧಿ, ಅಕ್ಕಿ, ಅದಿರು, ಅಡಿಕೆ, ಲ್ಯಾಪ್‌ಟಾಪ್, ಇತ್ಯಾದಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಡಲಾಚೆಗೆ ಸರಕು ಕಳಿಸುವವರೂ ಅಲ್ಲಿಂದ ತರಿಸುವವರೂ ಈ ದೇಶದಲ್ಲಿ ಚಂಡಮಾರುತಕ್ಕೆ ಅಷ್ಟಾಗಿ ಹೆದರುವುದಿಲ್ಲ. ಅದು ಬರುವ ಮೂರು ದಿನ ಮುಂಚೆಯೇ ಹವಾಮಾನ ಇಲಾಖೆ ಹೇಳುತ್ತದೆ. ತಾವು ಹಾಗಲ್ಲ. ಸಂಜೆ ಕಚೇರಿ ಮುಗಿದ ಮೇಲೆ, ಕೆಲವೊಮ್ಮೆ ಊರು ಮಲಗಿದ ಮೇಲೆ, ‘ತಕ್ಷಣದಿಂದ ಜಾರಿಗೆ ಬರುವಂತೆ’ ಎಂಬ ಒಂದೇ ಸಾಲಿನೊಂದಿಗೆ ದಯಮಾಡಿಸುತ್ತೀರಿ.

ತಮ್ಮದು ಹಳೆಯ ಮನೆತನ. 1947ರ ಆಮದು ಮತ್ತು ರಫ್ತು ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಹಿರಿಯರು ಯಾವ ಮುಚ್ಚುಮರೆಯೂ ಇಲ್ಲದೆ ನಿಯಂತ್ರಕರೆಂದೇ ಕರೆಸಿಕೊಳ್ಳುತ್ತಿದ್ದರು. ಲೈಸೆನ್ಸ್ ಕೊಡುವುದು, ಕೊಡದಿರುವುದು ಇವೆರಡೇ ಅವರ ಕೆಲಸ. ಉದಾರೀಕರಣ ಬಂತು, 1992ರಲ್ಲಿ ವಿದೇಶಿ ವ್ಯಾಪಾರ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯೂ ಬಂತು. ಅಭಿವೃದ್ಧಿಯನ್ನೂ ನಿಯಂತ್ರಣವನ್ನೂ ಒಂದೇ ಆವರಣದೊಳಗೆ ಕೂಡಿಹಾಕಿದ ಮೇಲೆ ಅವೆರಡರ ನಡುವೆ ಇವತ್ತಿಗೂ ರಾಜಿಯಾಗಿಲ್ಲ. ಆಮದಿಗೆ ಹೇರಿದ್ದ ಪ್ರಮಾಣ ನಿರ್ಬಂಧಗಳನ್ನು ದೇಶ ಸುಲಭಕ್ಕೆ ಬಿಟ್ಟುಕೊಡಲಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಅಮೆರಿಕದೆದುರು ಸೋತ ಬಳಿಕ, ಕೊನೆಯ 715 ಬಗೆಯ ಸರಕುಗಳ ಮೇಲಿನ ನಿರ್ಬಂಧ 2001ರ ಏಪ್ರಿಲ್ 1ರಂದು ತೆರವಾಯಿತು. 2023ರ ಏಪ್ರಿಲ್ 1ರಂದು ಬಂದ ಹೊಸ ವಿದೇಶಿ ವ್ಯಾಪಾರ ನೀತಿಗಂತೂ ಮುಕ್ತಾಯದ ದಿನಾಂಕವೇ ಇಲ್ಲ. ನೀತಿ ಶಾಶ್ವತವಾಯಿತೆಂದು ವರ್ತಕರು ನೆಮ್ಮದಿಯ ಉಸಿರು ಬಿಟ್ಟರು, ಪಾಪ. ನೀತಿ ಶಾಶ್ವತವಾದಷ್ಟೂ ತಮ್ಮ ಓಡಾಟ ಹೆಚ್ಚುತ್ತದೆಂದು ಅವರಿಗೆ ಹೊಳೆಯಲಿಲ್ಲ.

ಲೆಕ್ಕದ ಪುಸ್ತಕವನ್ನೂ ಒಮ್ಮೆ ತೆರೆಯಬೇಕಾಗುತ್ತದೆ. 2024–25ರಲ್ಲಿ ಭಾರತ ಹೊರಗೆ ಕಳಿಸಿದ ಸರಕಿನ ಮೌಲ್ಯ ಸುಮಾರು 437 ಶತಕೋಟಿ ಡಾಲರ್. ತರಿಸಿಕೊಂಡದ್ದು ಸುಮಾರು 720 ಶತಕೋಟಿ. ಚೀನಾ ಒಂದರ ಜೊತೆಗೇ ಕೊರತೆ 99 ಶತಕೋಟಿಯಷ್ಟು. ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು, ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಚಿನ್ನದ ವಿಚಾರ ಮದುವೆ ಮನೆಗಳಿಗೇ ಬಿಟ್ಟದ್ದು. ಈ ಹಳ್ಳವನ್ನು ಬಹುಮಟ್ಟಿಗೆ ತುಂಬಿಸುತ್ತಿರುವುದು ಸೇವೆಗಳ ರಫ್ತು. ಅದೇ ವರ್ಷ ಸುಮಾರು 387 ಶತಕೋಟಿ ಡಾಲರ್ ಮುಟ್ಟಿದ ಆ ರಫ್ತಿನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್‌ನದು ದೊಡ್ಡ ಪಾಲು. ಸಾಫ್ಟ್‌ವೇರ್ ಕಂಟೇನರ್ ಹತ್ತುವುದಿಲ್ಲ, ಬಂದರಿನ ಗೇಟಿನಲ್ಲಿ ಸರತಿ ನಿಲ್ಲುವುದಿಲ್ಲ, ಮಳೆ ಹೆಚ್ಚಾದರೆ ಕೊಳೆಯುವುದೂ ಇಲ್ಲ. ಅದು ಇಷ್ಟು ಬೆಳೆದದ್ದಕ್ಕೂ ತಮ್ಮ ಕೈಗೆ ಅಷ್ಟಾಗಿ ಸಿಗದೇ ಉಳಿದದ್ದಕ್ಕೂ ಏನಾದರೂ ಸಂಬಂಧವಿದೆಯೇ ಎಂದು ಕೇಳುವುದು ಅಧಿಕಪ್ರಸಂಗವಾದೀತು.

ಗುಲಾಬಿ ಈರುಳ್ಳಿ ಮಾತ್ರ ಕೈಗೆ ಚೆನ್ನಾಗಿ ಸಿಗುತ್ತದೆ.

ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಹೊಲಗಳಲ್ಲಿ ಬೆಳೆಯುವ, ಗಾತ್ರ ಚಿಕ್ಕದಾದರೂ ಘಾಟು ಜಾಸ್ತಿಯಿರುವ ಈ ಗಡ್ಡೆಗೆ 2015ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಊರಿನವರು ಇದನ್ನು ತಿನ್ನುವುದು ಕಡಿಮೆ. ಮಲೇಷ್ಯಾ, ಸಿಂಗಪುರ, ಶ್ರೀಲಂಕಾಗಳ ಅಡುಗೆ ಮನೆಗಳೇ ಇದರ ಗಿರಾಕಿಗಳು. ನಾಸಿಕ್ ಕಡೆಯ ದಪ್ಪ ಈರುಳ್ಳಿಗೂ ಇದಕ್ಕೂ ಮಾರುಕಟ್ಟೆಯಲ್ಲಿ ನೆಂಟಸ್ತಿಕೆ ಅಷ್ಟಕ್ಕಷ್ಟೇ. ಆದರೂ ನಾಸಿಕ್ ಬಳಿಯ ಲಾಸಲ್‌ಗಾಂವ್ ಮಂಡಿಯಲ್ಲಿ ದರ ಏರಿ ದೆಹಲಿಯ ಗೃಹಿಣಿ ಕಣ್ಣೀರು ಹಾಕಿದರೆ, ಶಿಕ್ಷೆ ಚಿಂತಾಮಣಿಯ ರೈತನಿಗೂ ಆಗುತ್ತದೆ. 2019ರ ಸೆಪ್ಟೆಂಬರ್ 29ರಂದು ಎಲ್ಲ ಬಗೆಯ ಈರುಳ್ಳಿಯ ರಫ್ತೂ ನಿಂತಿತು. ರೈತರು ಗೋಳಾಡಿದರು. ಒಂದು ತಿಂಗಳ ಬಳಿಕ ತಮಗೆ ಕರುಣೆ ಬಂತು: 9,000 ಟನ್ ಗುಲಾಬಿ ಈರುಳ್ಳಿ ಹೋಗಬಹುದು, ಅದೂ ಚೆನ್ನೈ ಬಂದರಿನಿಂದ ಮಾತ್ರ. ಮರುವರ್ಷ ಸೆಪ್ಟೆಂಬರ್ 14ಕ್ಕೆ ಮತ್ತೆ ನಿಷೇಧ, ಅಕ್ಟೋಬರ್ 9ಕ್ಕೆ ಮತ್ತೆ ಕರುಣೆ. ಈ ಸಲ 10,000 ಟನ್; ಬಂದರು ಅದೇ ಚೆನ್ನೈ. ಒಂದು ವರ್ಷದಲ್ಲಿ ಕರುಣೆ ಸಾವಿರ ಟನ್‌ನಷ್ಟು ಬೆಳೆದದ್ದನ್ನು ಯಾರೂ ಅಲ್ಲಗಳೆಯುವಂತಿಲ್ಲ.

2023ರಲ್ಲಿ ತಮ್ಮ ಮನೆತನದ ಮಹಿಮೆ ಪೂರ್ತಿಯಾಗಿ ಬೆಳಗಿತು. ಆಗಸ್ಟ್ 19ರಂದು ಹಣಕಾಸು ಸಚಿವಾಲಯದ ತಮ್ಮ ದಾಯಾದಿಯವರು ಹೊರಟು ಈರುಳ್ಳಿ ರಫ್ತಿಗೆ ಶೇ 40 ಸುಂಕ ಹಾಕಿದರು. ಸೆಪ್ಟೆಂಬರ್ ಕೊನೆಗೆ ಗುಲಾಬಿ ಈರುಳ್ಳಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಷರತ್ತು ಒಂದೇ: ಚೀಲದಲ್ಲಿರುವುದು ಗುಲಾಬಿ ಈರುಳ್ಳಿಯೇ ಹೌದು ಎಂದು ಕರ್ನಾಟಕದ ತೋಟಗಾರಿಕೆ ಆಯುಕ್ತರು ಪ್ರಮಾಣಪತ್ರ ಕೊಡಬೇಕು. ಜಾತಿ ಪ್ರಮಾಣಪತ್ರಕ್ಕಾಗಿ ತಾಲೂಕು ಕಚೇರಿ ಸುತ್ತಿ ರೂಢಿಯಿದ್ದ ರೈತರಿಗೆ ಇದೇನೂ ಹೊಸದಾಗಿ ಕಾಣಲಿಲ್ಲ. ಅಕ್ಟೋಬರ್ ಕೊನೆಗೆ ಟನ್ನಿಗೆ 800 ಡಾಲರ್ ಕನಿಷ್ಠ ರಫ್ತು ಬೆಲೆ ಬಂತು. ಡಿಸೆಂಬರ್ 8ರಿಂದ ಪೂರ್ತಿ ನಿಷೇಧ. ಮಾರ್ಚ್ 31ಕ್ಕೆ ಮುಗಿಯಬೇಕಿದ್ದ ನಿಷೇಧ ಮುಗಿಯಲಿಲ್ಲ. 2024ರ ಏಪ್ರಿಲ್ ಕೊನೆಯಲ್ಲಿ 2,000 ಟನ್ ಬಿಳಿ ಈರುಳ್ಳಿಗೆ ದಾರಿ ಬಿಟ್ಟಿರಿ. ಆ ಈರುಳ್ಳಿ ಗುಜರಾತಿನದು, ಗುಜರಾತಿನಲ್ಲಿ ಮತದಾನ ಮೇ 7ಕ್ಕೆ. ಮಹಾರಾಷ್ಟ್ರದ ರೈತರು ಸಿಡಿದೆದ್ದರು. ಮೇ 4ರಂದು 550 ಡಾಲರ್ ಕನಿಷ್ಠ ಬೆಲೆ, ಶೇ 40 ಸುಂಕದೊಂದಿಗೆ ನಿಷೇಧ ತೆರವಾಯಿತು. ನಾಸಿಕ್ ಮತ್ತು ದಿಂಡೋರಿಯಲ್ಲಿ ಮತದಾನ ಮೇ 20ಕ್ಕೆ. ಸೆಪ್ಟೆಂಬರ್ 13ರಂದು ಕನಿಷ್ಠ ಬೆಲೆಯೂ ಹೋಯಿತು, ಸುಂಕ ಅರ್ಧಕ್ಕಿಳಿಯಿತು. ನವೆಂಬರಿನಲ್ಲಿ ಮಹಾರಾಷ್ಟ್ರ ವಿಧಾನಸಭೆಗೆ ಚುನಾವಣೆ. ತಮ್ಮ ಪಂಚಾಂಗದಲ್ಲಿ ರಾಹುಕಾಲ, ಗುಳಿಕಕಾಲಗಳ ಪಕ್ಕದಲ್ಲಿ ಮತದಾನದ ದಿನವನ್ನೂ ಗುರುತು ಹಾಕಿರುತ್ತಾರೆಂದು ದುಷ್ಟರು ಆಡಿಕೊಳ್ಳುತ್ತಾರೆ. ಉಳಿದ ಶೇ 20 ಸುಂಕ 2025ರ ಏಪ್ರಿಲ್ 1ರಂದು ಹೋಯಿತು. ಆ ಹೊತ್ತಿಗೆ ಕೊಳ್ಳುವವರಲ್ಲಿ ಎಷ್ಟೋ ಮಂದಿ ಬೇರೆ ದೇಶಗಳ ಈರುಳ್ಳಿಗೆ ನಾಲಿಗೆ ಒಗ್ಗಿಸಿಕೊಂಡಿದ್ದರೆ ಅದು ಅವರ ಚಪಲ.

ಗೋಧಿಯ ಕಥೆ ಇನ್ನೂ ಚಿಕ್ಕದು. ವಿಶ್ವ ವ್ಯಾಪಾರ ಸಂಸ್ಥೆ ಒಪ್ಪಿದರೆ ಜಗತ್ತಿಗೇ ಅನ್ನವಿಕ್ಕಲು ಭಾರತ ಸಿದ್ಧ ಎಂಬ ಮಾತು ಪ್ರಧಾನಿಯವರಿಂದ ಬಂದದ್ದು 2022ರ ಏಪ್ರಿಲ್ ಮಧ್ಯದಲ್ಲಿ. ಬಿಸಿಗಾಳಿಗೆ ಪಂಜಾಬಿನ ತೆನೆ ಸುಟ್ಟಿತು, ಮೇ 13ರಂದು ತಾವು ಬಂದಿರಿ, ಗೋಧಿ ನಿಂತಿತು. ಅಂದಿನೊಳಗೆ ಎಲ್‌ಸಿ (ಬ್ಯಾಂಕಿನ ಪಾವತಿ ಖಾತರಿ) ತೆರೆದವರಿಗೆ ಮಾತ್ರ ರಿಯಾಯಿತಿ ಎಂದಿರಿ. ಕೆಲವರ ಎಲ್‌ಸಿಗಳಿಗೆ ರಾತ್ರೋರಾತ್ರಿ ವಯಸ್ಸಾಗಿಬಿಟ್ಟಿತು! ಹಿಂದಿನ ದಿನಾಂಕ ಹಾಕಿದ ಕಾಗದಗಳು ಬರತೊಡಗಿದ ಮೇಲೆ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಪರಿಶೀಲಿಸಬೇಕೆಂದು ಮೇ ಕೊನೆಗೆ ಇನ್ನೊಂದು ಆದೇಶ ಹೊರಡಿಸಬೇಕಾಯಿತು.

ಅಕ್ಕಿಯಲ್ಲಿ ಆದದ್ದು ಜಾಗತಿಕ ಪ್ರಮಾಣದ ಪವಾಡ. ಲೋಕದ ಅಕ್ಕಿ ವ್ಯಾಪಾರದಲ್ಲಿ ಹೆಚ್ಚೂಕಡಿಮೆ ಶೇ 40 ಭಾರತದ್ದೇ. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ತಾವು ನಿಲ್ಲಿಸಿದಾಗ, ಅಮೆರಿಕದ ಭಾರತೀಯ ದಿನಸಿ ಅಂಗಡಿಗಳಲ್ಲಿ ಸೋನಾ ಮಸೂರಿ ಚೀಲಗಳಿಗೆ ಜನ ಮುಗಿಬಿದ್ದರು. ಕೆಲವು ಅಂಗಡಿಗಳು ಮನೆಗೊಂದೇ ಚೀಲ ಎಂದು ಫಲಕ ಹಾಕಿದವು. ರೇಷನ್ ಅಂಗಡಿಯ ಸರತಿ ತಪ್ಪಿತೆಂದು ಬೀಗುತ್ತ ಕ್ಯಾಲಿಫೋರ್ನಿಯಾ ಸೇರಿದ್ದ ಕನ್ನಡಿಗರಿಗೆ ಊರಿನ ನೆನಪು ಮಾಡಿಕೊಟ್ಟ ಪುಣ್ಯ ತಮ್ಮದು. ನಿಯಮ ಬದಲಾಗುವಾಗ ದಾರಿಯಲ್ಲಿರುವ ಸರಕಿಗೆ ರಕ್ಷಣೆ ಕೊಡಲೆಂದೇ ನೀತಿಯಲ್ಲಿ 1.05 ಎಂಬ ಪ್ಯಾರಾ ಇದೆ. ಈ ಸಲ ಆ ಪ್ಯಾರಾ ಅನ್ವಯಿಸುವುದಿಲ್ಲ ಎಂದು ಅಕ್ಕಿಯ ಅಧಿಸೂಚನೆಯಲ್ಲೇ ಬರೆದಿದ್ದಿರಿ. ಆಗಲೇ ಹಡಗಿಗೆ ಹತ್ತುತ್ತಿದ್ದ ಮೂಟೆ, ಕಸ್ಟಮ್ಸ್‌ಗೆ ಒಪ್ಪಿಸಿದ್ದ ಮೂಟೆ, ಇಂಥ ಕೆಲವಕ್ಕೆ ಬಿಡುಗಡೆ. ದಾವಣಗೆರೆಯಿಂದಲೋ ಗಂಗಾವತಿಯಿಂದಲೋ ಹೊರಟು ಹೆದ್ದಾರಿಯ ಢಾಬಾದಲ್ಲಿ ನಿಂತ ಲಾರಿಗೆ ಇಲ್ಲ. ಮಳೆಗಾಲಕ್ಕೆ ಅಂತ ಇಟ್ಟುಕೊಂಡ ಛತ್ರಿಯನ್ನು ಮಳೆ ಶುರುವಾದ ಕೂಡಲೇ ಮಡಚಿಟ್ಟಂತೆ.

ಕಬ್ಬಿಣದ ಅದಿರಿನ ಪ್ರಸಂಗವನ್ನು ಹರಿಕಥೆ ದಾಸರು ಹೇಳಬೇಕು. ಬಳ್ಳಾರಿಯ ಗಣಿ ಲೂಟಿ, ಬೇಲೆಕೇರಿ ಬಂದರಿನಲ್ಲಿ ಮುಟ್ಟುಗೋಲು ಹಾಕಿದ್ದ ಅದಿರೇ ಮಾಯವಾದದ್ದು, ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಇವೆಲ್ಲ ಕನ್ನಡಿಗರಿಗೆ ಬಾಯಿಪಾಠ. ರಾಜ್ಯ ಸರ್ಕಾರ 2010ರಲ್ಲಿ ಅದಿರು ರಫ್ತು ನಿಲ್ಲಿಸಿತು, ಮರುವರ್ಷ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅಲ್ಲಿ ತಡೆ ಬೇಕೇ ಇತ್ತು, ಬೇರೆ ಮಾತಿಲ್ಲ. ಮುಂದೆ ಗಣಿಗಾರಿಕೆ ಷರತ್ತುಗಳ ಮೇಲೆ ಮತ್ತೆ ಶುರುವಾದರೂ ರಫ್ತಿನ ಬಾಗಿಲು ತೆರೆದದ್ದು 2022ರ ಮೇ 20ರಂದು, ಸುಪ್ರೀಂ ಕೋರ್ಟ್ ಅನುಮತಿ ಕೊಟ್ಟಾಗ. ಹನ್ನೆರಡು ವರ್ಷ ಕಾದವರು ಆ ರಾತ್ರಿ ಸಿಹಿ ಹಂಚಿದ್ದರೆ ಆತುರವಾಯಿತು. ಮಾರನೆಯ ದಿನವೇ ಹಣಕಾಸು ಸಚಿವಾಲಯದಿಂದ ತಮ್ಮ ದಾಯಾದಿಯವರು ಬಂದು ಅದಿರು ರಫ್ತಿನ ಮೇಲೆ ಶೇ 50 ಸುಂಕ ಸಾರಿದರು. ಆ ಸುಂಕ ದೇಶಕ್ಕೆಲ್ಲ ಹೇರಿದ್ದು, ಉಕ್ಕಿನ ಬೆಲೆ ಇಳಿಸಲೆಂದು ಹೇರಿದ್ದು, ನವೆಂಬರಿನಲ್ಲಿ ಹಿಂದಿನ ಮಟ್ಟಕ್ಕೆ ಇಳಿಸಿದ್ದೂ ಹೌದು. ನ್ಯಾಯಾಲಯ ತೆರೆದ ಬಾಗಿಲಲ್ಲಿ ಇಪ್ಪತ್ತನಾಲ್ಕು ಗಂಟೆಯೊಳಗೆ ಟೋಲ್ ಗೇಟ್ ಎದ್ದ ಆ ಜರೂರು ಮಾತ್ರ ಚರಿತ್ರೆಯಲ್ಲಿ ಉಳಿಯತಕ್ಕದ್ದು.

ತಾವು ಬೈಗುಳವನ್ನೇ ತಿನ್ನುತ್ತೀರಿ ಎಂದೇನಿಲ್ಲ. ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರು ತಮಗೆ ಕೈಮುಗಿದದ್ದಿದೆ. ಅಡಿಕೆ ಆಮದಿಗೆ ಶೇ 100 ಸುಂಕ. ಅದರ ಮೇಲೆ ಕನಿಷ್ಠ ಆಮದು ಬೆಲೆ ಕಿಲೋಗೆ 251 ರೂಪಾಯಿಯಿದ್ದದ್ದನ್ನು 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿಸಿದಿರಿ. ಅದಕ್ಕೆ ಕೆಲವೇ ತಿಂಗಳ ಹಿಂದೆ, 2022ರ ಸೆಪ್ಟೆಂಬರಿನಲ್ಲಿ, ಭೂತಾನಿನ 17,000 ಟನ್ ಹಸಿ ಅಡಿಕೆಗೆ ಆ ಕನಿಷ್ಠ ಬೆಲೆಯ ಷರತ್ತೇ ಬೇಡವೆಂದಿದ್ದಿರಿ. ತೀರ್ಥಹಳ್ಳಿಯಿಂದ ಶಿರಸಿಯವರೆಗೆ ಚಾಲಿ, ರಾಶಿ ಅಡಿಕೆಯ ಮಾತು ನಿಂತು ಭೂತಾನಿನ ಮಾತು ಶುರುವಾಯಿತು. ಆದರೆ ಗೋಡೆ ಎತ್ತರವಾದಷ್ಟೂ ಏಣಿಯ ವ್ಯಾಪಾರ ಕುದುರುತ್ತದೆ. ಹಸಿ ಅಡಿಕೆ, ಒಣ ಅಡಿಕೆ ಸುಂಕದ ಪಟ್ಟಿಯ 8ನೇ ಅಧ್ಯಾಯದವು. ಬಾಣಲೆಯಲ್ಲಿ ಹುರಿದರೆ 20ನೇ ಅಧ್ಯಾಯಕ್ಕೆ ಬಡ್ತಿ, ಅಲ್ಲಿ ಕನಿಷ್ಠ ಬೆಲೆಯ ಕಾವಲಿರಲಿಲ್ಲ. ಹೊರದೇಶಗಳಲ್ಲಿ ಅಡಿಕೆ ಹುರಿಯುವ ಹುರುಪು ಒಮ್ಮೆಗೇ ಹೆಚ್ಚಿದ್ದಕ್ಕೆ ರುಚಿಯೊಂದೇ ಕಾರಣವಿರಲಾರದು. ಹುರಿದದ್ದಕ್ಕೂ 351ರ ಕಾವಲು ಬಂದದ್ದು 2025ರಲ್ಲಿ. ಕಾಳುಮೆಣಸಿನಲ್ಲೂ ಇದೇ ಆಟ. ವಿಯೆಟ್ನಾಮಿನ ಮೆಣಸು ಶ್ರೀಲಂಕಾದಲ್ಲಿ ಒಂದು ರಾತ್ರಿ ತಂಗಿ, ಬೆಳಗಾಗುವಷ್ಟರಲ್ಲಿ ಸಿಂಹಳೀಯನಾಗಿ ಸುಂಕವಿಲ್ಲದೆ ಒಳಬರುತ್ತದೆಂದು ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ವರ್ಷಗಟ್ಟಲೆ ದೂರಿದರು. 2017ರ ಡಿಸೆಂಬರಿನಲ್ಲಿ ಅದಕ್ಕೂ 500 ರೂಪಾಯಿಯ ಕನಿಷ್ಠ ಬೆಲೆ ಬಂತು.

ಅಕ್ಕಸಾಲಿಗರನ್ನು ನಾಚಿಸುವ ವಿದ್ಯೆಯೂ ತಮ್ಮ ಪಟ್ಟಿಯಲ್ಲಿದೆ. 71ನೇ ಅಧ್ಯಾಯದ ಟಿಪ್ಪಣಿಯೊಂದರ ಪ್ರಕಾರ, ತೂಕದಲ್ಲಿ ಶೇ 2 ಪ್ಲಾಟಿನಂ ಬೆರೆತಿದ್ದರೆ ಆ ಮಿಶ್ರಲೋಹ ಪ್ಲಾಟಿನಂ ಎನಿಸಿಕೊಳ್ಳುತ್ತದೆ. ಉಳಿದ 98 ಪಾಲು ಬಂಗಾರವಾಗಿದ್ದರೂ ಸರಿ! ಈ ನಿಯಮ ಲೋಕಕ್ಕೆಲ್ಲ ಒಂದೇ, ತಾವು ಬರೆದದ್ದೇನಲ್ಲ. ಆದರೆ ಚಿನ್ನಕ್ಕೆ ಹೆಚ್ಚು ಸುಂಕ ಇಟ್ಟು, ಯುಎಇ ಜೊತೆಗಿನ ಒಪ್ಪಂದದಲ್ಲಿ ಪ್ಲಾಟಿನಂಗೆ ರಿಯಾಯಿತಿ ಕೊಟ್ಟ ಮೇಲೆ, ದುಬೈ ಕಡೆಯಿಂದ ಬರುವ ಪ್ಲಾಟಿನಂ ಹಳದಿ ಬಣ್ಣಕ್ಕೆ ತಿರುಗಿದ್ದು ಆಶ್ಚರ್ಯವಲ್ಲ. ಆ ಕಿಂಡಿ ಮುಚ್ಚುತ್ತ ಬಂದಂತೆ ಪಲ್ಲಾಡಿಯಂ, ರೋಡಿಯಂ, ಇರಿಡಿಯಂ ಕಡೆ ಕಣ್ಣು ಹೊರಳಿತು. ಅವುಗಳಲ್ಲಿ ಶೇ 1ಕ್ಕಿಂತ ಹೆಚ್ಚು ಚಿನ್ನವಿದ್ದರೆ ಪರವಾನಗಿ ಬೇಕೆಂದು 2025ರ ಜೂನಿನಲ್ಲಿ ಹೇಳಿದಿರಿ.

ಲ್ಯಾಪ್‌ಟಾಪ್ ಅಧಿಸೂಚನೆಯದಂತೂ ಅಲ್ಪಾಯುಷ್ಯ. 2023ರ ಆಗಸ್ಟ್ 3ರಂದು, ಲ್ಯಾಪ್‌ಟಾಪ್, ಟ್ಯಾಬ್ಲೆಟ್ ತರಿಸಲು ಲೈಸೆನ್ಸ್ ಕಡ್ಡಾಯ, ತಕ್ಷಣದಿಂದ ಜಾರಿ ಎಂದಿರಿ. ವಿಮಾನ ನಿಲ್ದಾಣಗಳಲ್ಲಿ ಸರಕು ತಡವರಿಸಿತು, ಫೋನುಗಳು ದೆಹಲಿಗೆ ಹೊರಟವು. ಮಾರನೆಯ ದಿನವೇ ಜಾರಿ ನವೆಂಬರಿಗೆ ಮುಂದೂಡಿಕೆಯಾಯಿತು. ಅಕ್ಟೋಬರಿನಲ್ಲಿ ಅದು ಆನ್‌ಲೈನಿನಲ್ಲಿ ಸಿಗುವ ಅನುಮತಿ ವ್ಯವಸ್ಥೆಯಾಗಿ ಮೆತ್ತಗಾಯಿತು. ದೊಡ್ಡ ಕಂಪನಿಗಳು ಗದರಿದರೆ ತಾವು ಒಂದೇ ದಿನದಲ್ಲಿ ಹಿಂದೆ ಸರಿಯಬಲ್ಲಿರಿ ಎಂಬುದಕ್ಕೆ ಇದು ಸಾಕ್ಷಿ. ಗುಲಾಬಿ ಈರುಳ್ಳಿಯವರಿಗೆ ತಿಂಗಳು ಹಿಡಿಯಿತಲ್ಲ, ಅವರ ಗಂಟಲಿನ ದೋಷವೇ ಇರಬೇಕು.

ಆದ್ದರಿಂದ ತಮ್ಮಲ್ಲಿ ಕೋರಿಕೊಳ್ಳುವುದೇನೆಂದರೆ: ದೇಶದಲ್ಲಿ ಬೆಲೆ ಏರಿದಾಗ ಬಡವನ ತಟ್ಟೆಯ ಚಿಂತೆ ತಮಗಿರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತು ರೂಪಾಯಿಗೆ ಈರುಳ್ಳಿ ಸುರಿಯುವಾಗ ಬರದ ತಾವು ಎಂಬತ್ತಾದ ರಾತ್ರಿಯೇ ಓಡಿಬರುವುದನ್ನು ರೈತರು ಗಮನಿಸಿದ್ದಾರೆ. ಬರುವುದೇ ಆದರೆ ಬೆಲೆ ಎಷ್ಟು ದಾಟಿದರೆ ಬರುತ್ತೀರಿ, ಎಷ್ಟಕ್ಕಿಳಿದರೆ ಹೋಗುತ್ತೀರಿ ಎಂದು ಬಿತ್ತನೆಗೆ ಮುಂಚೆ ಬರೆದು ಅಂಟಿಸಿ. ಲಾರಿ ಹತ್ತಿದ ಸರಕಿಗೂ 1.05ರ ನೆರಳು ಇರಲಿ. ಮಲೇಷ್ಯಾದವರು ತಿನ್ನುವ ಗಡ್ಡೆಯನ್ನು ದೆಹಲಿಯ ಮಂಡಿಯ ಲೆಕ್ಕಕ್ಕೆ ಸೇರಿಸುವುದನ್ನು ಕೈಬಿಡಿ. ಇದಕ್ಕೆ ತಕ್ಷಣದ ಉತ್ತರವನ್ನೇನೂ ನಿರೀಕ್ಷಿಸಿಲ್ಲ. ತಮ್ಮಿಂದ ತಕ್ಷಣ ಬರುವುದು ಏನೆಂದು ಎಲ್ಲರಿಗೂ ಗೊತ್ತು.

ಇತಿ ತಮ್ಮ ವಿಧೇಯ,
ಆಮದು–ರಫ್ತು ಸಂಕೇತ ಸಂಖ್ಯೆ (ಐಇಸಿ) ಹೊಂದಿರುವ ಒಬ್ಬ ಪ್ರಜೆ

ಪ್ರತಿ: ತೋಟಗಾರಿಕೆ ಆಯುಕ್ತರು, ಬೆಂಗಳೂರು, ಇವರಿಗೆ, ಈ ಪತ್ರ ಕರ್ನಾಟಕದಲ್ಲೇ ಬೆಳೆದದ್ದೆಂದು ಪ್ರಮಾಣಪತ್ರ ನೀಡುವ ಕೋರಿಕೆಯೊಂದಿಗೆ. ಅಲ್ಲಿಯವರೆಗೆ ಇದನ್ನು ಚೆನ್ನೈ ಬಂದರಿನಲ್ಲಿ ತಡೆಹಿಡಿಯಲಾಗಿದೆ.