ಎಷ್ಟು ಮೆಗಾಪಿಕ್ಸೆಲ್ಲು?

ಗಂಡಿಗೆ ಸಂಬಳ ಎಷ್ಟು, ಸೈಟಿಗೆ ಅಳತೆ ಎಷ್ಟು, ಕ್ಯಾಮೆರಾಗೆ ಮೆಗಾಪಿಕ್ಸೆಲ್ ಎಷ್ಟು? 2008-09ರ ಸುಮಾರಿಗೆ ನಮ್ಮ ನೆಂಟರಿಷ್ಟರಲ್ಲಿ ಈ ಮೂರು ಪ್ರಶ್ನೆ ಕೇಳಿಬಿಟ್ಟರೆ ಎದುರಿನವನ ಯೋಗ್ಯತೆ ಪೂರ್ತಿ ತಿಳಿದಂತೆ. ಮೂರಕ್ಕೂ ಒಂದೇ ಮಾತಿನಲ್ಲಿ ಉತ್ತರ ಬರಬೇಕು. ಎಲ್ಲರೂ ಹಾಗೇ ಹೇಳುತ್ತಿದ್ದರು, ‘ಅಡ್ವಾನ್ಸ್‌ಡ್ ಕಾಂಪ್ಯಾಕ್ಟ್’ ಎಂಬ ಕ್ಯಾಮೆರಾ ಇಟ್ಟುಕೊಂಡವರನ್ನು ಬಿಟ್ಟು. ಅವರು ಮೂರನೆಯ ಪ್ರಶ್ನೆ ಕೇಳಿದ ಕೂಡಲೆ ಕನ್ನಡಕ ಸರಿಮಾಡಿಕೊಂಡು, “ನೋಡಿ, ಮೆಗಾಪಿಕ್ಸೆಲ್ ಅನ್ನೋದು ಅಷ್ಟು ಮುಖ್ಯ ಅಲ್ಲ...” ಎಂದು ಶುರುಮಾಡುತ್ತಿದ್ದರು. ನಾನೂ ಅವರಲ್ಲೊಬ್ಬ.

“ಹಾಗಾದ್ರೆ ಕಮ್ಮಿ ಇರಬೇಕು ಬಿಡಿ ಭಾವ” ಎಂದು ನನ್ನ ಭಾಮೈದ ಅಲ್ಲೇ ತೀರ್ಮಾನ ಕೊಟ್ಟ.

ಈ ಕ್ಯಾಮೆರಾದ ಕಷ್ಟವೇ ಇದು. ಅತ್ತೆಯವರು ತಿರುಪತಿಗೆ ಹೋಗುವಾಗ ಬ್ಯಾಗಿನಲ್ಲಿ ಹಾಕಿಕೊಳ್ಳುವ ತೆಳ್ಳಗಿನ ಬೆಳ್ಳಿ ಬಣ್ಣದ್ದೂ ಅಲ್ಲ, ಹುಡುಗರು ಕೊರಳಿಗೆ ನೇತುಹಾಕಿಕೊಂಡು ಬೈಕಿನಲ್ಲಿ ಹೋಗುವ ಡಿಎಸ್‌ಎಲ್‌ಆರೂ ಅಲ್ಲ. ದೊಡ್ಡ ಕ್ಯಾಮೆರಾದ ತಿರುಗಣೆಗಳೆಲ್ಲ ಇದರ ನೆತ್ತಿಯ ಮೇಲಿವೆ. ಲೆನ್ಸ್ ಮಾತ್ರ ಬಿಚ್ಚಲು ಬರುವುದಿಲ್ಲ. ಶರಟಿನ ಜೇಬಿಗೆ ಹಿಡಿಸುವುದಿಲ್ಲ. ಪ್ಯಾಂಟಿನ ಜೇಬಿಗೆ ಹಿಡಿಸುತ್ತದೆ, ಆದರೆ ಆಮೇಲೆ ನೀವು ಕೂರುವಂತಿಲ್ಲ. ಬೆಲೆಯೋ, ಆರಂಭದ ಮಟ್ಟದ ಡಿಎಸ್‌ಎಲ್‌ಆರ್‌ನ ಹತ್ತಿರ ಹತ್ತಿರ. “ಅಷ್ಟೇ ದುಡ್ಡಿಗೆ ದೊಡ್ಡದೇ ಬರ್ತಿತ್ತಲ್ಲ” ಎಂದು ಅಂಗಡಿಯವನಿಂದ ಹಿಡಿದು ಆಟೋದವನವರೆಗೆ ಎಲ್ಲರೂ ಹೇಳಿಯಾಗಿದೆ. ಮನೆಯಲ್ಲಿ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಇನ್ನು ಮೆಗಾಪಿಕ್ಸೆಲ್ ವಿಚಾರ. ಇಂಥ ಕ್ಯಾಮೆರಾಗಳ ಸೆನ್ಸರ್ ಆಗ ಹೆಚ್ಚುಕಡಿಮೆ ಏಳೂವರೆ ಮಿಲಿಮೀಟರ್ ಅಗಲ, ಐದೂವರೆ ಮಿಲಿಮೀಟರ್ ಎತ್ತರ. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಹಳೆಯ ಫಿಲಂ ಚೌಕಟ್ಟು 36ಕ್ಕೆ 24 ಮಿಲಿಮೀಟರ್ ಇತ್ತು ಎಂದರೆ ಲೆಕ್ಕ ತಿಳಿಯುತ್ತದೆ. ಆ ಉಗುರಿನೊಳಗೆ ಕೋಟಿಗೂ ಮೀರಿ ಬೆಳಕಿನ ಕಣ್ಣುಗಳನ್ನು ಒತ್ತಿ ಕೂರಿಸಿದರೆ ಒಂದೊಂದಕ್ಕೆ ಸಿಗುವ ಬೆಳಕು ಕಮ್ಮಿ. ಬಿಸಿಲಿನಲ್ಲಿ ಗೊತ್ತಾಗುವುದಿಲ್ಲ, ಸಂಜೆಯಾದರೆ ಚಿತ್ರದ ತುಂಬ ಚುಕ್ಕಿ ಚುಕ್ಕಿ ಎದ್ದು ಕೂರುತ್ತದೆ. ಅದಕ್ಕೆ ನಾಯ್ಸ್ ಎನ್ನುತ್ತಾರೆ. ಕ್ಯಾನನ್ ಕಂಪನಿ 2008ರಲ್ಲಿ ತನ್ನ ಜಿ10 ಮಾದರಿಗೆ 14.7 ಮೆಗಾಪಿಕ್ಸೆಲ್ ತುಂಬಿತು. ಮರುವರ್ಷ ಜಿ11 ಬಂದಾಗ ಅದನ್ನು 10ಕ್ಕೆ ಇಳಿಸಿತು. ಗೊತ್ತಿದ್ದವರು ಚಪ್ಪಾಳೆ ತಟ್ಟಿದರು. ಆದರೆ ಹೊಸದನ್ನು ಕೊಂಡವನ ಪಾಡು ಯೋಚಿಸಿ. ಹಳೆಯದಕ್ಕಿಂತ ಕಮ್ಮಿ ಮೆಗಾಪಿಕ್ಸೆಲ್ ಇರುವ ಹೊಸ ಕ್ಯಾಮೆರಾ ತಂದಿದ್ದೇನೆ, ಕಮ್ಮಿ ಇರುವುದೇ ಅದರ ಹೆಚ್ಚುಗಾರಿಕೆ ಎಂದು ಹೆಂಡತಿಯ ತಮ್ಮನ ಮುಂದೆ ಕೂತು ಒಪ್ಪಿಸಬೇಕು. ನಮ್ಮಲ್ಲಿ ಆ ಕೆಲಸದಲ್ಲಿ ಗೆದ್ದವನನ್ನು ನಾನು ಕಂಡಿಲ್ಲ.

ಇಷ್ಟಾದರೂ ನನ್ನದು ಯಾವ ಕಂಪನಿಯದೆಂದು ಹೇಳುವುದಿಲ್ಲ. ಹೇಳಿದರೆ ಬೇರೆ ಗೋತ್ರದವರು ಓದುವುದನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಹೌದು, ಗೋತ್ರವೇ. ಮದುವೆಮನೆಯಲ್ಲಿ ಇಬ್ಬರು ಅಪರಿಚಿತರು ಮಣಿಕಟ್ಟಿಗೆ ಸುತ್ತಿದ ಚರ್ಮದ ಪಟ್ಟಿ ನೋಡಿಯೇ ಒಬ್ಬರನ್ನೊಬ್ಬರು ಗುರುತು ಹಿಡಿಯುತ್ತಾರೆ. ಆಮೇಲೆ ಪ್ರವರ ಶುರು. ಜಿ ಗೋತ್ರದವರದು ಉದ್ದದ ಪ್ರವರ: 2000ದ ಜಿ1 ಮೂಲಪುರುಷ, ಜಿ2, ಜಿ3 ಆದಮೇಲೆ ನೇರವಾಗಿ ಜಿ5, ಜಿ7 ಆದಮೇಲೆ ಜಿ9. ಜಪಾನಿನಲ್ಲಿ ನಾಲ್ಕು ಅಪಶಕುನದ ಸಂಖ್ಯೆ, ಅದು ಬಿಟ್ಟುಹೋಗಿದ್ದಕ್ಕೆ ನಾವು ಬೇಸರಪಡಬೇಕಾಗಿಲ್ಲ. ಎಂಟು ಏನು ಪಾಪ ಮಾಡಿತ್ತು ಎಂಬ ಬಗ್ಗೆ ಈ ಗೋತ್ರದವರು ಊಟದ ಎಲೆಯ ಮುಂದೆಯೂ ಚರ್ಚಿಸುತ್ತಾರೆ.

ವಂಶದಲ್ಲಿ ಒಂದು ದೊಡ್ಡ ಆಘಾತವೂ ಇದೆ. 2006ರ ಜಿ7ರಲ್ಲಿ ಕಂಪನಿ ‘ರಾ’ ಕಡತದ ಸೌಲಭ್ಯವನ್ನೂ, ಹೊರಳಿಸುವ ಪರದೆಯನ್ನೂ ತೆಗೆದುಹಾಕಿತು. ರಾ ಎಂದರೆ ಕ್ಯಾಮೆರಾ ಕಂಡದ್ದನ್ನೆಲ್ಲ ತಿದ್ದದೆ ಹಾಗೇ ಇಟ್ಟ ಕಡತ. ಕಂಪ್ಯೂಟರಿನಲ್ಲಿ ನಮಗೆ ಬೇಕಾದ ಹಾಗೆ ಸರಿಮಾಡಿಕೊಳ್ಳಬಹುದು. ಭಕ್ತರು ಗಲಾಟೆ ಮಾಡಿದರು. 2007ರ ಜಿ9ರಲ್ಲಿ ರಾ ವಾಪಸ್ಸು ಬಂತು. ಪರದೆ ಹೊರಳಲು 2009ರವರೆಗೆ ಕಾಯಬೇಕಾಯಿತು. ಇಷ್ಟು ಹೋರಾಡಿ ಪಡೆದ ರಾ ಏನಾಯಿತು ಎಂದು ಕೇಳಬೇಡಿ. ‘ಪುರಸೊತ್ತಾದಾಗ ಕೂತು ಸರಿಮಾಡೋಣ’ ಎಂದು ಹಾರ್ಡ್‌ಡಿಸ್ಕಿನಲ್ಲಿ ತುಂಬಿಟ್ಟವರು ನಿವೃತ್ತರಾಗಿದ್ದಾರೆ, ಪುರಸೊತ್ತೂ ಬಂದಿದೆ, ಕಡತಗಳು ಹಾಗೇ ಇವೆ.

ಪ್ಯಾನಾಸೋನಿಕ್ ಗೋತ್ರದವರದು ಬೇರೆ ಜಂಬ. 2008ರ ಎಲ್‌ಎಕ್ಸ್3ರಲ್ಲಿ ಎಫ್2 ಲೆನ್ಸ್ ಇತ್ತು, ಅದರ ಮೇಲೆ ಲೈಕಾ ಹೆಸರಿತ್ತು. ಕತ್ತಲಲ್ಲಿ ಜಿ ಗೋತ್ರದವರಿಗಿಂತ ತಮಗೆ ಹೆಚ್ಚು ಕಾಣುತ್ತದೆ ಎಂಬ ಭಾವದಲ್ಲೇ ಅವರು ಓಡಾಡುತ್ತಾರೆ. ಆದರೆ ಲೆನ್ಸಿನ ಮುಚ್ಚಳವನ್ನು ಕೈಯಲ್ಲೇ ತೆಗೆಯಬೇಕು. ಮಗು ಮೊದಲ ಹೆಜ್ಜೆ ಇಡುವ ಹೊತ್ತಿಗೆ ಅಪ್ಪ ಸ್ವಿಚ್ಚು ಒತ್ತುತ್ತಾನೆ, ಪರದೆ ಮುಚ್ಚಳ ತೆಗಿ ಎನ್ನುತ್ತದೆ, ಅಷ್ಟರಲ್ಲಿ ಮಗು ಕೂತಾಗಿರುತ್ತದೆ. ಇದೇ ಕ್ಯಾಮೆರಾವನ್ನು ಲೈಕಾ ಕಂಪನಿ ಡಿ-ಲಕ್ಸ್ 4 ಎಂಬ ಹೆಸರಿನಲ್ಲಿ, ಮುಂದುಗಡೆ ಒಂದು ಕೆಂಪು ಬೊಟ್ಟಿಟ್ಟು, ಇನ್ನಷ್ಟು ದುಡ್ಡಿಗೆ ಮಾರಿತು. ಬೊಟ್ಟು ಕೊಂಡವರೂ ಇದ್ದಾರೆ, ಅವರು ನಮ್ಮ ಜೊತೆ ಮಾತಾಡುವುದಿಲ್ಲ. ಇನ್ನು ರಿಕೋ ಜಿಆರ್ ಗೋತ್ರದವರು ಸನ್ಯಾಸಿಗಳು. ಜೂಮ್ ಇಲ್ಲ. “ಹತ್ತಿರ ಬೇಕಾದ್ರೆ ಹತ್ತಿರ ಹೋಗಬೇಕು ಕಣ್ರೀ” ಎನ್ನುತ್ತಾರೆ. ಮಾತು ಸರಿಯೇ. ಆದರೆ ನಾಗರಹೊಳೆಯಲ್ಲಿ ಆ ಮಾತು ಆಡಿದವರನ್ನು ನಾನು ಕಂಡಿಲ್ಲ.

ಮದುವೆ ಛತ್ರ ಈ ಕ್ಯಾಮೆರಾದ ಮಾಲೀಕನಿಗೆ ನಿಜವಾದ ಪರೀಕ್ಷೆ. ಕಾಂಟ್ರಾಕ್ಟಿನ ಫೋಟೋಗ್ರಾಫರ್ ಮಂಟಪದ ಮುಂದೆ ಕಾಲಗಲಿಸಿ ನಿಂತಿರುತ್ತಾನೆ, ಅವನ ಹಿಂದೆ ವಿಡಿಯೋದವನು, ಅವನ ಹಿಂದೆ ದೀಪ ಹಿಡಿದ ಹುಡುಗ. “ಸ್ವಲ್ಪ ಸರೀರಿ ಸಾರ್” ಎನ್ನುವುದು ನನಗೇ. ನನ್ನ ಕೈಯಲ್ಲಿರುವುದು ಅವನ ಲೆಕ್ಕದಲ್ಲಿ ಆಟಿಕೆ. ನಾನಾದರೂ ಫ್ಲಾಶ್ ಹಾಕುವುದಿಲ್ಲ ಎಂದು ವ್ರತ ಹಿಡಿದವನು; ಸಹಜ ಬೆಳಕಿನ ಸೊಗಸೇ ಬೇರೆ ಎಂದು ಪುಸ್ತಕಗಳಲ್ಲಿ ಓದಿಕೊಂಡವನು. ಛತ್ರದ ಸಹಜ ಬೆಳಕೆಂದರೆ ಹಳದಿ ಬಲ್ಬು, ಒಂದೆರಡು ಟ್ಯೂಬ್‌ಲೈಟು, ಹೋಮದ ಹೊಗೆ. ಕತ್ತಲಲ್ಲೂ ಕಾಣಲೆಂದು ಐಎಸ್‌ಒ ಏರಿಸಿದೆ. ಧಾರೆಯ ಹೊತ್ತಿನ ಫೋಟೋದಲ್ಲಿ ಯಾವುದು ಅಕ್ಷತೆ, ಯಾವುದು ನಾಯ್ಸು ಎಂದು ಇವತ್ತಿಗೂ ಬೇರ್ಪಡಿಸಲು ಆಗಿಲ್ಲ. ದೊಡ್ಡಮ್ಮ ಕನ್ನಡಕ ಏರಿಸಿ ನೋಡಿ, “ಧಾರೆ ಹೊತ್ತಿಗೆ ಕರೆಂಟು ಹೋಗಿತ್ತೇನೋ?” ಎಂದರು. ಅವರ ಕೈಯ ಅಗ್ಗದ ಮೊಬೈಲಿನಲ್ಲಿ, ಫ್ಲಾಶಿನ ಬೆಳಕಿಗೆ ಗಂಡು-ಹೆಣ್ಣು ಇಬ್ಬರೂ ಸುಣ್ಣ ಬಳಿದ ಗೋಡೆಯ ಬಣ್ಣದಲ್ಲಿ ನಗುತ್ತಿದ್ದರು. ಎಲ್ಲರಿಗೂ ಅದೇ ಹಿಡಿಸಿತು, ಅದೇ ಚೌಕಟ್ಟಿಗೆ ಹೋಯಿತು.

ಹಕ್ಕಿಗಳ ವಿಷಯದಲ್ಲೂ ಇಷ್ಟೇ. ತೇಜಸ್ವಿಯವರ ಹಕ್ಕಿ ಚಿತ್ರಗಳನ್ನು ನೋಡಿ ಹುರುಪು ಬಂದು ರಂಗನತಿಟ್ಟಿಗೆ ಹೋದೆವು. ನಮ್ಮ ಕ್ಯಾಮೆರಾಗಳ ಜೂಮ್ ಎಳೆದರೆ 140 ಮಿಲಿಮೀಟರಿನ ಹತ್ತಿರ ನಿಲ್ಲುತ್ತದೆ. ದೋಣಿಯವನು ಬಣ್ಣದ ಕೊಕ್ಕರೆಯ ಗೂಡಿನ ಹತ್ತಿರ ಹುಟ್ಟು ನಿಲ್ಲಿಸಿ, ಪಕ್ಕದಲ್ಲಿ ಬಂದೂಕಿನಷ್ಟು ಉದ್ದದ ಲೆನ್ಸ್ ಹಿಡಿದಿದ್ದವರಿಗೆ “ತಗೊಳ್ಳಿ ಸಾರ್, ರೆಕ್ಕೆ ಬಿಚ್ಚುತ್ತೆ” ಎಂದ. ನನ್ನ ಕಡೆ ತಿರುಗಿ, “ನೀವು ಮೊಸಳೆ ತಗೊಳ್ಳಿ, ಅದು ಅಲ್ಲಾಡಲ್ಲ” ಎಂದ. ಅಷ್ಟು ಚೊಕ್ಕವಾಗಿ ಒಂದು ಕ್ಯಾಮೆರಾದ ಶಕ್ತಿಯನ್ನೂ ಮಿತಿಯನ್ನೂ ಹೇಳಿದ ವಿಮರ್ಶೆಯನ್ನು ನಾನು ಬೇರೆ ಎಲ್ಲೂ ಓದಿಲ್ಲ. ಮೊಸಳೆ ಚೆನ್ನಾಗಿಯೇ ಬಂದಿದೆ.

ಇದು ಗೆಲ್ಲುವ ಜಾಗ ಒಂದಿದೆ: ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ. ಈ ಜಾತಿಯ ಹಲವು ಕ್ಯಾಮೆರಾಗಳು ಮ್ಯಾಕ್ರೋ ಹಾಕಿದರೆ ಒಂದೇ ಸೆಂಟಿಮೀಟರ್ ದೂರದಿಂದ ಫೋಕಸ್ ಮಾಡುತ್ತವೆ. ಅದು ಸಣ್ಣ ಸೆನ್ಸರಿನದೇ ವರ. ಚಿಕ್ಕ ಲೆನ್ಸು ಹೂವಿನ ಎದೆಗೇ ಇಳಿಯಬಲ್ಲದು. ದೊಡ್ಡ ಕ್ಯಾಮೆರಾದವನು ಹಿಂದೆ ಹಿಂದೆ ಸರಿದು ಹಿಂದಿದ್ದವರ ಕಾಲು ತುಳಿಯುವಾಗ, ನಾವು ಗಾಜಿನ ಮನೆಯ ಹಗ್ಗದಾಚೆ ಕೈ ಚಾಚಿ ಪರಾಗದ ಧೂಳಿನ ತನಕ ಹಿಡಿಯುತ್ತೇವೆ. ಕಾವಲುಗಾರ ಸೀಟಿ ಊದುತ್ತಾನೆ. ಊದಲಿ.

ಮಾಲೀಕನೇ ಫೋಟೋದಲ್ಲಿ ಇರಬೇಕೆಂದರೆ ಬೇರೆ ತಾಪತ್ರಯ. ಹಂಪಿಯ ಕಲ್ಲಿನ ರಥದ ಮುಂದೆ ಹೆಂಡತಿ ಮಕ್ಕಳನ್ನು ನಿಲ್ಲಿಸಿ ದಾರಿಹೋಕರ ಕೈಗೆ ಕ್ಯಾಮೆರಾ ಕೊಟ್ಟರೆ ಅವರು ತಿರುಗಣೆಗಳನ್ನು ನೋಡಿಯೇ ಹೆದರುತ್ತಾರೆ. “ಅಣ್ಣ, ಯಾವ್ದು ಒತ್ಬೇಕು?” ಎಂದರೆ, ಅರ್ಧ ಒತ್ತಿ, ಹಸಿರು ಚೌಕ ಬಂದಮೇಲೆ ಪೂರ್ತಿ ಒತ್ತಿ ಎಂದು ಹೇಳಿಕೊಡಬೇಕು. ಕೊಟ್ಟು ತೆಗೆದುಕೊಳ್ಳುವಾಗ ಯಾರದೋ ಹೆಬ್ಬೆರಳು ತಾಗಿ ಎಕ್ಸ್‌ಪೋಷರಿನ ತಿರುಗಣೆ ಮೈನಸ್ ಎರಡಕ್ಕೆ ಹೋಗಿರುತ್ತದೆ. ಆಮೇಲಿನ ವಿಜಯನಗರವೆಲ್ಲ ಗ್ರಹಣದಲ್ಲಿ ತೆಗೆದಂತೆ. ಹೀಗಾಗಿ ಇಂಥ ಕ್ಯಾಮೆರಾ ಇರುವ ಮನೆಯ ಆಲ್ಬಮ್ಮುಗಳಲ್ಲಿ ಯಜಮಾನನೇ ಇರುವುದಿಲ್ಲ. ನೂರು ವರ್ಷದ ಮೇಲೆ ಮೊಮ್ಮಕ್ಕಳ ಮಕ್ಕಳು ನೋಡಿದರೆ, ಆ ಹೆಂಗಸು ಮಕ್ಕಳನ್ನು ಒಬ್ಬಳೇ ಸಾಕಿದಳು ಎಂದುಕೊಳ್ಳುತ್ತಾರೆ.

ಇಂಥ ಅವಮಾನಗಳಿಗೆಲ್ಲ ಗೋತ್ರದವರ ಬಳಿ ಒಂದು ಔಷಧಿ ಇತ್ತು. ಮೈಕೇಲ್ ರೈಕ್‌ಮನ್ ಎಂಬ ಕೆನಡಾದ ಹೆಸರಾಂತ ಛಾಯಾಗ್ರಾಹಕ 2008ರಲ್ಲಿ ಜಿ10ರ ಚಿತ್ರಗಳನ್ನೂ, 39 ಮೆಗಾಪಿಕ್ಸೆಲ್‌ನ ‘ಡಿಜಿಟಲ್ ಬ್ಯಾಕ್’ ಜೋಡಿಸಿದ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾದ ಚಿತ್ರಗಳನ್ನೂ 13ಕ್ಕೆ 19 ಇಂಚಿನ ಕಾಗದದಲ್ಲಿ ಮುದ್ರಿಸಿ ಅನುಭವಸ್ಥರ ಮುಂದಿಟ್ಟರು. ಯಾವುದು ಯಾವುದರದೆಂದು ಅವರಿಗೆ ಖಚಿತವಾಗಿ ಹೇಳಲು ಆಗಲಿಲ್ಲ. ಹ್ಯಾಸೆಲ್‌ಬ್ಲಾಡ್ ಜೋಡಿಯ ಬೆಲೆಗೆ ನಮ್ಮಲ್ಲಿ ಒಂದು ಕಾರು ಬಂದು ಇನ್ನೂ ಪೆಟ್ರೋಲಿಗೆ ಉಳಿಯುತ್ತಿತ್ತು. ಈ ಕಥೆಯನ್ನು ಯಾವ ಗೋತ್ರದವರೂ ತಮ್ಮದೇ ಎಂಬಂತೆ ಹೇಳುತ್ತಾರೆ. ನಾನೂ ಭಾಮೈದನಿಗೆ ಹೇಳಿದೆ. “ಭಾವ, ನೀವು 13ಕ್ಕೆ 19ರಲ್ಲಿ ಯಾವಾಗ ಪ್ರಿಂಟ್ ಹಾಕ್ಸಿದ್ರಿ?” ಎಂದು ಕೇಳಿದ. ಅಷ್ಟು ಹೊತ್ತಿಗೆ ಕಾಫಿ ಬಂತು.

ಆಮೇಲೆ ಮೊಬೈಲು ಬಂದು ಎಲ್ಲರ ವಾದವನ್ನೂ ಮುಗಿಸಿತು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಲ್ಲಿ, ಲೆನ್ಸ್ ಬಿಚ್ಚಲಾಗದ ಡಿಜಿಟಲ್ ಕ್ಯಾಮೆರಾಗಳು 2010ರಲ್ಲಿ 10 ಕೋಟಿಗೂ ಹೆಚ್ಚು ಹೊರಬಿದ್ದವು. 2023ರಲ್ಲಿ 20 ಲಕ್ಷವನ್ನೂ ಮುಟ್ಟಲಿಲ್ಲ. ನನ್ನದರ ಲೆನ್ಸು ಒಂದು ದಿನ ಅರ್ಧ ಹೊರಗೆ ಬಂದು ಅಲ್ಲೇ ನಿಂತಿತು. ಸರ್ವೀಸ್ ಸೆಂಟರಿನ ಹುಡುಗ ಅದನ್ನು ಎರಡೂ ಕಿವಿಯ ಹತ್ತಿರ ಅಲ್ಲಾಡಿಸಿ, “ಪಾರ್ಟ್ಸ್ ಬರಲ್ಲ ಸಾರ್, ಮ್ಯೂಸಿಯಮ್ಮಿಗೆ ಕೊಡಿ” ಎಂದ. ಮನೆಗೆ ತಂದು ಮೇಜಿನ ಮೇಲೆ ಕುಕ್ಕಿದ್ದೇ ತಡ, ಕರ್ರ್ ಎಂದು ಒಳಗೆ ಹೋಯಿತು. ಯಾವ ಕೈಪಿಡಿಯಲ್ಲೂ ಈ ಚಿಕಿತ್ಸೆ ಇಲ್ಲ.

ಬೀರುವಿನಲ್ಲಿ ಮಲಗಿದ್ದ ಅದನ್ನು ಈಚೆಗೆ ಎಬ್ಬಿಸಿದವಳು ತಂಗಿಯ ಮಗಳು. “ಮಾಮ, ಆ ಹಳೇ ಡಿಜಿಕ್ಯಾಮ್ ಕೊಡು” ಎಂದಳು. ನಾನು ಅಪರ್ಚರಿನ ಪಾಠ ಶುರುಮಾಡುವ ಮೊದಲೇ ತಿರುಗಣೆಯನ್ನು ಆಟೋಗೆ ತಿರುಗಿಸಿ, ಫ್ಲಾಶ್ ಎತ್ತಿ, ಗೆಳತಿಯ ಹುಟ್ಟುಹಬ್ಬಕ್ಕೆ ಹೋದಳು. ಮುಖಗಳೆಲ್ಲ ಬೆಳ್ಳಗೆ, ಹಿಂದೆಲ್ಲ ಕಪ್ಪು, ಕಪ್ಪಿನ ತುಂಬ ಚುಕ್ಕಿ. “ನಾಯ್ಸ್ ಇದೆ ಕಣೇ” ಎಂದರೆ, “ಅದೇ ಬೇಕಾಗಿರೋದು ಮಾಮ, ಫೋನಲ್ಲಿ ಆಪ್ ಹಾಕಿ ತರಿಸ್ಕೊಳ್ತೀವಿ” ಎಂದಳು. ಹದಿನೈದು ವರ್ಷ ನಾನು ಯಾವುದನ್ನು ಕಮ್ಮಿ ಮಾಡಲು ಒದ್ದಾಡಿದೆನೋ, ಅದನ್ನು ಈ ಮಕ್ಕಳು ಹುಡುಕಿಕೊಂಡು ಹೋಗುತ್ತಿದ್ದಾರೆ. ಫ್ಯೂಜಿಯವರು 2011ರಲ್ಲಿ ಹಳೆಯ ಫಿಲಂ ಕ್ಯಾಮೆರಾದ ವೇಷದಲ್ಲಿ ತಂದ ಎಕ್ಸ್100ರ ವಂಶವಂತೂ ಈಗ ಹೊಸ ಹುಡುಗರ ಆರಾಧ್ಯದೈವ. 2024ರ ಫೆಬ್ರವರಿಯಲ್ಲಿ ಎಕ್ಸ್100-6 ಬಂದಾಗ ದುಡ್ಡು ಹಿಡಿದುಕೊಂಡು ಕಾಯುವವರ ಪಟ್ಟಿ ಬೆಳೆಯಿತು. ಅದರಲ್ಲಿ 40 ಮೆಗಾಪಿಕ್ಸೆಲ್ ಇದೆ. ಕೊಂಡವರಲ್ಲಿ ಅದನ್ನು ಕೇಳಿಕೊಂಡು ಕೊಂಡವರು ಬಹಳ ಇರಲಾರರು.

ನಿಮ್ಮ ಮನೆಯ ಬೀರುವಿನಲ್ಲೂ ಇಂಥದ್ದೊಂದು ಮಲಗಿದ್ದರೆ ದಯವಿಟ್ಟು ಇವತ್ತೇ ತೆಗೆದು ಬ್ಯಾಟರಿಯನ್ನು ಬೇರೆ ಮಾಡಿಡಿ. ಒಳಗೇ ಬಿಟ್ಟ ಲಿಥಿಯಂ ಬ್ಯಾಟರಿ ವರ್ಷಗಳಾದ ಮೇಲೆ ಉಬ್ಬಿಕೊಂಡರೆ ಆಚೆ ಬರುವುದಿಲ್ಲ. ತೆಗೆದ ಮೇಲೆ ಗಡಿಯಾರ ಸತ್ತು ಮತ್ತೆ ತಾರೀಖು ಕೇಳಬಹುದು. ಸರಿಯಾದ್ದನ್ನೇ ಹಾಕಿ, ಇಲ್ಲದಿದ್ದರೆ ಮುಂದಿನ ದೀಪಾವಳಿಯೂ ಜನವರಿ ಒಂದಕ್ಕೇ ಆಗುತ್ತದೆ. ಮನೆಗೆ ಸೋದರಸೊಸೆ ಬರುವವಳಿದ್ದರೆ ಚಾರ್ಜರನ್ನು ಬೇರೆ ಕಡೆ ಇಡಿ.