ಸೈಟು ಯಾರ್ದು?

ಮಂಡ್ಯದಲ್ಲಿ ಯಾರನ್ನಾದರೂ ಈ ಸಲ ಕಬ್ಬು ಎಷ್ಟು ಟನ್ ಆಯ್ತು ಅಂತ ಕೇಳಬಹುದು, ಸೊಸೈಟಿ ಸಾಲ ಎಷ್ಟಿದೆ ಅಂತಲೂ ಕೇಳಬಹುದು. ‘ಈ ಸೈಟು ಯಾರ್ದು’ ಅಂತ ಮಾತ್ರ ಕೇಳಬಾರದು. ಕೇಳಿದಿರೋ, ಉತ್ತರ ಬರುವುದಿಲ್ಲ, ತಿರುಗಿ ಪ್ರಶ್ನೆಯೇ ಬರುತ್ತದೆ: “ಯಾಕ್ ಸಾ, ತಗತೀರಾ?”

ಗುತ್ತಲಿನಲ್ಲಿ ನಮ್ಮ ಮನೆಯ ಕಾಂಪೌಂಡಿಗೆ ತಾಗಿದಂತೆ ಒಂದು ತರ್ಟಿ-ಫಾರ್ಟಿ ಖಾಲಿ ಸೈಟಿದೆ. ಖಾಲಿ ಅನ್ನುವುದು ಬರೀ ಮಾತಿಗೆ. ಆಳೆತ್ತರದ ಪಾರ್ಥೇನಿಯಂ, ಅದರೊಳಗೊಂದು ಹಂದಿ ಸಂಸಾರ, ಮಳೆ ಬಿದ್ದರೆ ಹಾವು, ಮದುವೆ ಸೀಸನ್ನಿನಲ್ಲಿ ಊಟವಾದ ಬಾಳೆ ಎಲೆ. ಇಷ್ಟು ಭರ್ತಿಯಾದ ಜಾಗ ಇಡೀ ಬೀದಿಯಲ್ಲಿ ಇನ್ನೊಂದಿಲ್ಲ. ಇದರ ಮಾಲೀಕರನ್ನು ಹುಡುಕಿ, ‘ಸ್ವಾಮಿ, ಒಂದ್ಸಲ ಕ್ಲೀನ್ ಮಾಡಿಸಿ’ ಅಂತ ಕೇಳಿಕೊಳ್ಳುವುದಷ್ಟೇ ನನ್ನ ಆಸೆ.

ಮೊದಲು ನಮ್ಮದೇ ಕ್ರಯಪತ್ರವನ್ನು ಬೀರುವಿನಿಂದ ತೆಗೆದೆ. ಪಕ್ಕದವರು ಯಾರೆಂದು ತಿಳಿಯಬೇಕಾದರೆ ನಮ್ಮ ಪತ್ರದ ಚಕ್ಕುಬಂದಿ ನೋಡಬೇಕು ಎಂಬುದು ಪತ್ರ ಬರೆಯುವವರೆಲ್ಲ ಹೇಳುವ ಮಾತು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಓಣಿ, ದಕ್ಷಿಣಕ್ಕೆ ಇದೇ ಬಡಾವಣೆಯ ನಿವೇಶನ, ಉತ್ತರಕ್ಕೆ ‘ಬೋರೇಗೌಡರ ಸ್ವತ್ತು’. ಉತ್ತರವೇ ನನಗೆ ಬೇಕಾದ ದಿಕ್ಕು. ಆದರೆ ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಬೋರೇಗೌಡ್ರೇ’ ಎಂದು ಕೂಗಿದರೆ ಅರ್ಧ ಬಸ್ಸು ಕೆಳಗಿಳಿಯುತ್ತದೆ.

ಆಮೇಲೆ ಸರ್ಕಾರದ್ದೇ ಆದ ದಿಶಾಂಕ್ ಆ್ಯಪ್ ಹಾಕಿಕೊಂಡೆ. ನಿಂತ ನೆಲದ ಸರ್ವೆ ನಂಬರನ್ನು ಅದು ಹೇಳುತ್ತದೆ. ಎರಡು ಹೆಜ್ಜೆ ಆಚೆ ಇಟ್ಟರೆ ಇನ್ನೊಂದು ನಂಬರು. ಯಾವುದು ಸರಿ ಎಂದು ಮೊಬೈಲ್ ಎತ್ತಿ ಹಿಡಿದು ಸೈಟಿನ ಅಂಚಿನಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿದ್ದೆ. ಎದುರುಮನೆ ಅಜ್ಜಿ ಜಗಲಿಯಿಂದಲೇ ಕೇಳಿತು: “ಅಳ್ಸ್ತಿದ್ದೀಯೇನಪ್ಪ? ಎಷ್ಟುಕ್ ಮಾತಾಯ್ತು?”

ಸರ್ವೆ ನಂಬರು ಸಿಕ್ಕಿದರೆ ಪಹಣಿ ಸಿಕ್ಕಂತೆ. ಒಂದು ಕಾಲಕ್ಕೆ ಶಾನುಭೋಗರ ಮನೆಯಲ್ಲೂ ಆಮೇಲೆ ಗ್ರಾಮ ಲೆಕ್ಕಿಗರ ಬ್ಯಾಗಿನಲ್ಲೂ ಇರುತ್ತಿದ್ದ ಪಹಣಿಯನ್ನು 2000ದ ಹೊತ್ತಿಗೆ ‘ಭೂಮಿ’ ಯೋಜನೆ ಕಂಪ್ಯೂಟರಿಗೆ ಹಾಕಿತು. ರಾಜ್ಯದ ಸುಮಾರು 2 ಕೋಟಿ ಪಹಣಿಗಳು. ಶುರುವಿನಲ್ಲಿ ಒಂದಕ್ಕೆ 15 ರೂಪಾಯಿ. ಅದರ 9ನೇ ಕಾಲಂ ಮಾಲೀಕರದು, 12ನೇದು ಉಳುವವರದು. ನನ್ನ ಸರ್ವೆ ನಂಬರಿನ 9ನೇ ಕಾಲಂನಲ್ಲಿದ್ದ ಯಜಮಾನರು ವಿಶ್ವೇಶ್ವರಯ್ಯ ನಾಲೆಯ ನೀರಲ್ಲಿ ಭತ್ತ ಬೆಳೆದು, ಕಬ್ಬು ಬೆಳೆದು, ಭೂಪರಿವರ್ತನೆ ಮಾಡಿಸಿ, ಸೈಟು ಮಾಡಿ ಮಾರಿ, ತೀರಿಕೊಂಡೂ ಬಹಳ ದಿನವಾಗಿತ್ತು. ಪಹಣಿಯಲ್ಲಿ ಮಾತ್ರ ಗಟ್ಟಿಮುಟ್ಟಾಗಿದ್ದರು. ಇಂಥ ಚಿರಂಜೀವಿಗಳು ನಾಡಿನಲ್ಲಿ ಎಷ್ಟು ಮಂದಿಯೆಂದರೆ, ಅವರ ಖಾತೆಯನ್ನು ವಾರಸುದಾರರಿಗೆ ಮಾಡಿಕೊಡಲು ಸರ್ಕಾರ ಇ-ಪೌತಿ ಆಂದೋಲನವನ್ನೇ ಹೂಡಬೇಕಾಯಿತು.

ಇನ್ನು ಉಳಿದದ್ದು ಇ.ಸಿ. ಯಾರು ಯಾರಿಗೆ ಬರೆದುಕೊಟ್ಟರು, ಯಾವ ಬ್ಯಾಂಕಿಗೆ ಅಡ ಇಟ್ಟರು, ಯಾವಾಗ ಬಿಡಿಸಿಕೊಂಡರು ಎಂಬುದೆಲ್ಲ ಇರುವ ಸೈಟಿನ ಜಾತಕ ಅದು. ಕಾವೇರಿ ಜಾಲತಾಣದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಹಿಂದಿನದಕ್ಕೆ ಹಳೇ ಪುಸ್ತಕಗಳನ್ನೇ ಹುಡುಕಿಸಬೇಕು. ನೋಂದಣಿ ಕಾಯ್ದೆ 1908ರದು. ಅದರ 57ನೇ ಸೆಕ್ಷನ್ ಪ್ರಕಾರ ಸ್ಥಿರಾಸ್ತಿ ಪತ್ರಗಳು ದಾಖಲಾಗುವ ಒಂದನೇ ಪುಸ್ತಕವನ್ನು ಫೀಜು ಕಟ್ಟಿ ಯಾರು ಬೇಕಾದರೂ ನೋಡಬಹುದು. ಉಯಿಲುಗಳಿರುವ ಮೂರನೇ ಪುಸ್ತಕಕ್ಕೆ ಈ ಸಲಿಗೆ ಇಲ್ಲ.

ಯಾರು ಬೇಕಾದರೂ! ಕಾಯ್ದೆಗೆ ನೂರು ವರ್ಷ ದಾಟಿದರೂ ನಮ್ಮ ಬೀದಿ ಈ ಮಾತನ್ನು ಒಪ್ಪಿಕೊಂಡಿಲ್ಲ. ಜಮೀನಿನ ಕಾಗದ ತೆಗೆಸುವವನು ಕೊಳ್ಳುವವನಾಗಿರಬೇಕು, ಮಾರುವವನಾಗಿರಬೇಕು, ಇಲ್ಲಾ ಕೇಸು ಹಾಕುವವನಾಗಿರಬೇಕು. ಹಾವಿಗೆ ಹೆದರಿ ಇ.ಸಿ. ತೆಗೆಸಿದೆ ಅಂದರೆ ಹಾವೂ ನಂಬುವುದಿಲ್ಲ.

ಇ.ಸಿ.ಯಲ್ಲಿ ಒಂದು ಹೆಸರು, ‘ಬಿನ್ ಲೇಟ್’ ಎಂದು ತಂದೆಯ ಹೆಸರು, ಬೆಂಗಳೂರಿನ ಒಂದು ಬಡಾವಣೆ, ಇಷ್ಟೇ ಇತ್ತು. ಟೀ ಅಂಗಡಿಯಲ್ಲಿ ಆ ಹೆಸರು ಹೇಳಿದರೆ ಒಬ್ಬರಿಗೂ ಗೊತ್ತಿಲ್ಲ. ನಾನೇ ಗೊಣಗಿಕೊಂಡೆ, “ಬೆಂಗ್ಳೂರಲ್ಲಿದಾರಂತೆ...” ವಡೆ ತೆಗೆಯುತ್ತಿದ್ದವನು ಜಾಲರಿ ಬಾಣಲೆಯ ಮೇಲೇ ನಿಲ್ಲಿಸಿ ತಿರುಗಿದ. “ಅಯ್ಯೋ, ಗಡ್ಡದ ಮೇಷ್ಟ್ರು ಅಳಿಯ ಅಲ್ವಾ ಸಾ? ಹಿಂಗ್ ಹೆಸ್ರು ಹೇಳುದ್ರೆ ಯಾರಿಗ್ ಗೊತ್ತಾಯ್ತದೆ! ನಂಬರ್ ಬರ್ಕಳಿ.” ಸರ್ಕಾರಕ್ಕೆ ಗೊತ್ತಿದ್ದದ್ದು ಹೆಸರು, ಬೀದಿಗೆ ಗೊತ್ತಿದ್ದದ್ದು ಆಸಾಮಿ. ಇಬ್ಬರಿಗೂ ಪರಸ್ಪರ ಪರಿಚಯವೇ ಇರಲಿಲ್ಲ.

ಫೋನ್ ಮಾಡಿದೆ. ಹಂದಿ, ಹಾವು, ಪಾರ್ಥೇನಿಯಂ ಎಲ್ಲ ವರದಿ ಒಪ್ಪಿಸಿದೆ. ಅಳಿಯಂದಿರು ಸಮಾಧಾನವಾಗಿ ಕೇಳಿ, “ಮಾರೋ ಯೋಚ್ನೆ ಏನಿಲ್ಲ. ಆದ್ರೂ ನೀವ್ ಎಷ್ಟು ಅಂತ ಅನ್ಕೊಂಡಿದ್ದೀರಿ, ಹೇಳಿ” ಅಂದರು. ಕೊಳ್ಳುವವನಲ್ಲ ಅಂದೆ. ಹಾಗಾದರೆ ಯಾವ ಬ್ರೋಕರ್ ಕಡೆಯವರು ಅಂದರು.

ಆ ವಾರದಿಂದಲೇ ದಳ್ಳಾಳಿಗಳು ಬೈಕಿನಲ್ಲಿ ಬರತೊಡಗಿದರು. ಅಡಿಗೆ ಇಷ್ಟು ಕೊಡಿಸ್ತೀವಿ ಅನ್ನುವವರು, ಕಾರ್ನರ್ ಆಗಿದ್ರೆ ಇನ್ನೂ ಜಾಸ್ತಿ ಬರ್ತಿತ್ತು ಅಂತ ನನ್ನ ಪರವಾಗಿ ಮರುಗುವವರು. ಹಿಂದಿನ ಬೀದಿಯ ಒಬ್ಬರು ಮಾತ್ರ ರೇಗಿಕೊಂಡೇ ಬಂದರು: “ನಿಮ್ ಸೈಟಿಂದ ಹಾವು ನಮ್ ಬಚ್ಚಲಿಗ್ ಬತ್ತಾವೆ. ಸೈಟು ಮಡಗಿದ್ ಮೇಲೆ ಕ್ಲೀನಾಗಿ ಮಡಿಕಬೇಕು ಕಣ್ರೀ.” ಅದು ನನ್ನದಲ್ಲ ಅಂತ ಕೈ ಮುಗಿದೆ. “ನಿಮ್ದಲ್ದೆ ಇದ್ರೆ ಇ.ಸಿ. ಯಾಕ್ ತೆಗುಸ್ದ್ರಿ?”

ವಾದ ಸರಿಯಾಗಿಯೇ ಇತ್ತು. ಜೆಸಿಬಿ ಕರೆಸಿದೆ. ಹಂದಿ ಸಂಸಾರ ಗುಳೆ ಹೊರಟಿತು. ಡ್ರೈವರು ಗಂಟೆ ಲೆಕ್ಕ ಹಾಕಿ ದುಡ್ಡು ಎಣಿಸಿಕೊಂಡು ಚೀಟಿ ಹರಿದುಕೊಟ್ಟ. ನನ್ನ ಹೆಸರು ಬರೆದು, ಮುಂದೆ ದಪ್ಪ ಅಕ್ಷರದಲ್ಲಿ ‘ಸೈಟ್ ಓನರ್’ ಅಂತ ನಮೂದಿಸಿದ್ದ. ಮ್ಯುಟೇಶನ್ ಇಲ್ಲ, ನೋಂದಣಿ ಇಲ್ಲ, ಯಾರ ತಕರಾರೂ ಇಲ್ಲ.